ಮೂರನೆಯ ರೈಟ್

ನಮ್ಮ ಓಣಿಯ ತುದಿಗೆ ಇಸ್ತ್ರಿ ಮಾಡುವವನೊಬ್ಬ ಕೈಗಾಡಿ ನಿಲ್ಲಿಸಿಕೊಂಡಿದ್ದಾನೆ. ಊರೆಲ್ಲ ಕರೆಂಟಿನ ಇಸ್ತ್ರಿಗೆ ಬಿದ್ದರೂ ಅವನ ಪೆಟ್ಟಿಗೆ ಇನ್ನೂ ಇದ್ದಿಲಿನದೇ. ದಿನಾ ಬೆಳಿಗ್ಗೆ ಅದರ ಮುಚ್ಚಳ ತೆಗೆದು, ಹಿಂದಿನ ದಿನದ ಬೂದಿ ಕೊಡವಿ, ಹೊಸ ಇದ್ದಿಲು ಹಾಕಿ ಊದುತ್ತಾನೆ. ಸಂಜೆ ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಗಟಾರದ ಪಕ್ಕಕ್ಕೆ ಸುರುವಿ ಅದರ ಮೇಲೆ ನಾಲ್ಕು ಬೊಗಸೆ ನೀರು ಚಿಮುಕಿಸುತ್ತಾನೆ. ಆಗ ಚುಯ್ ಎಂದು ಒಂದು ವಾಸನೆ ಏಳುತ್ತದೆ. ಒದ್ದೆ ಬೂದಿ, ಅರೆಸುಟ್ಟ ಇದ್ದಿಲು, ಕಾದ ಕಬ್ಬಿಣ... ಆ ಹೊತ್ತಿಗೆ ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಮುದುಕಿಗೆ ಹೊಗೆ ಆಗುವುದಿಲ್ಲ ಎಂದು ಮನೆಮಂದಿ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ.

ಮೊನ್ನೆ ಮಾತ್ರ ಮುಚ್ಚಲಾಗಲಿಲ್ಲ. ಮೊಮ್ಮಗಳು ಆ ಕಿಟಕಿಯಲ್ಲೇ ಪುಸ್ತಕ ಹರಡಿಕೊಂಡು ಕೂತಿದ್ದಳು. ಇಂಗ್ಲಿಷಿನ ಒಂದೇ ಶಬ್ದಕ್ಕೆ ಇರುವ ಬೇರೆ ಬೇರೆ ಅರ್ಥ ಹುಡುಕಿ, ಒಂದೊಂದಕ್ಕೂ ಒಂದೊಂದು ವಾಕ್ಯ ಬರೆದುಕೊಂಡು ಬರಬೇಕೆಂದು ಅವಳ ಟೀಚರು ಹೇಳಿ ಕಳಿಸಿದ್ದರಂತೆ. ಹತ್ತು ವಾಕ್ಯ ಆಗಬೇಕು, ಒಂಬತ್ತಾಗಿವೆ, ಹತ್ತನೆಯದು ಹೊಳೆಯುತ್ತಿಲ್ಲ.

"ಅಜ್ಜಿ, ನೀನೂ ಸಾಲಿ ಕಲಿಸಿದಾಕಿ ಅಲಾ. ಒಂದು ಹೇಳು" ಅಂದಳು.

ಯಾವ ಶಬ್ದ ಎಂದು ಕೇಳಿದೆ. ರೈಟ್ ಅಂದಳು. ಅದೇ ಹೊತ್ತಿಗೆ ಹೊರಗೆ ಕೆಂಡದ ಮೇಲೆ ನೀರು ಬಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ನನಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯಲಿಲ್ಲ.

ಆ ಶಬ್ದವನ್ನು ನನಗೆ ಕಲಿಸಿದವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಕನ್ನಡ ಓದಲೂ ಬರುತ್ತಿರಲಿಲ್ಲ. ನಾನು ಅವನನ್ನು ಕಂಡಕ್ಟರಣ್ಣ ಎನ್ನುತ್ತಿದ್ದೆ. ಹೆಸರು ಇಲ್ಲವೆಂದಲ್ಲ. ಆದರೆ ಕೋರ್ಟು ಕಚೇರಿಯ ಬಾಗಿಲಲ್ಲಿ ಜವಾನ ಆ ಹೆಸರನ್ನು ಮೂರು ಸಲ ಕೂಗಿದ್ದನ್ನು ಕೇಳಿದ ಮೇಲೆ ಅದು ನನ್ನ ಬಾಯಿಗೆ ಬರುವುದಿಲ್ಲ.

ಜರ್ಮನಿ ಯುದ್ಧ ನಡೆದಿದ್ದ ಕಾಲ ಅದು. ನಮ್ಮ ಸೀಮೆಗೆಲ್ಲ ನಿಜಾಮಶಾಹಿ. ನಮ್ಮ ಮನೆಯವರು ಕೊಪ್ಪಳದಿಂದ ಯಲಬುರ್ಗಾದ ಮೇಲೆ ಹಾಯ್ದು ಕುಷ್ಟಗಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ಡ್ರೈವರ್ ಆಗಿದ್ದರು. ಬಸ್ಸು ಎಂದು ಕರೆಯುತ್ತಿದ್ದೆವು, ಅಷ್ಟೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಅದಕ್ಕೆ ಮಾಲಕರು ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು ಹೊಂದಿಸಿದ್ದರು. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಅರ್ಧ ತಾಸು ತಿದಿ ತಿರುವಿದರೆ ಏಳುವ ಗ್ಯಾಸಿನಿಂದ ಇಂಜಿನು ನಡೆಯುತ್ತಿತ್ತು. ನಡೆದರೆ ನಡೆಯಿತು. ಏರು ಬಂದರೆ ಗಂಡಸರು ಇಳಿದು ದೂಡುತ್ತಿದ್ದರು, ಹೆಂಗಸರು ಒಳಗೆ ಕೂತು ಕೆಮ್ಮುತ್ತಿದ್ದರು. ಆಮೇಲೆ ಎಲ್ಲರ ಮೂಗಿನ ಹೊಳ್ಳೆಯೂ ಒಂದೇ ಬಣ್ಣ.

ಆ ಬೆಂಕಿ ನೋಡಿಕೊಳ್ಳುವುದು, ತಿದಿ ತಿರುವುವುದು, ಬಸ್ಸಿನ ನೆತ್ತಿಗೆ, ಟಪ್ಪಿನ ಮೇಲೆ, ಗಂಟು ಮೂಟೆ ಏರಿಸುವುದು, ಟಿಕೆಟು ಹರಿಯುವುದು, ಎಲ್ಲ ಕಂಡಕ್ಟರಣ್ಣನದೇ. ಕುಳ್ಳ ಆಳು. ಗುಂಡಿ ಕಿತ್ತುಹೋದ ಖಾಕಿ ಕೋಟಿಗೆ ಸುತಳಿ ಕಟ್ಟಿಕೊಂಡಿರುತ್ತಿದ್ದ. ಹುಬ್ಬಿನ ಮೇಲೆ ಯಾವಾಗಲೂ ಬೂದಿ. ಮೂವತ್ತರ ಆಚೆ ಈಚೆ ಇದ್ದಿರಬೇಕು, ಮದುವೆ ಆಗಿರಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ತಾಯಿ ಇದ್ದಳು. ನಾನು ಹೊಸದಾಗಿ ಕೊಪ್ಪಳದ ಅತ್ತೆಮನೆಗೆ ನಡೆಯಲು ಬಂದಾಗ, ಗಂಡನ ಬುತ್ತಿ ಕಟ್ಟಿಕೊಡುವಾಗಲೆಲ್ಲ ಅವನಿಗೂ ಎರಡು ರೊಟ್ಟಿ ಹೆಚ್ಚು ಹಾಕುತ್ತಿದ್ದೆ. ಅವನು ಅದನ್ನು ಹಣೆಗೆ ಮುಟ್ಟಿಸಿಕೊಂಡು ತೆಗೆದುಕೊಳ್ಳುತ್ತಿದ್ದ.

ಅವನ ಹತ್ತಿರ ಇದ್ದ ಇಂಗ್ಲಿಷು ಎರಡೇ ಮಾತಿನದು. ಬಸ್ಸು ಹೊರಡಿಸಲು ರೈಟ್, ನಿಲ್ಲಿಸಲು ಹೋಲ್ಡಾನ್. ಹೋಲ್ಡಾನ್ ಅವನಿಗೆ ಅಷ್ಟಾಗಿ ಬೇಕಾಗುತ್ತಿರಲಿಲ್ಲ, ನಮ್ಮ ಬಸ್ಸು ತಾನಾಗಿಯೇ ನಿಲ್ಲುತ್ತಿತ್ತು. ರೈಟ್ ಅನ್ನು ಮಾತ್ರ ಅವನು ಬಸ್ಸಿನಿಂದ ಇಳಿಸಿ ಮನೆತನಕ ತಂದುಬಿಟ್ಟಿದ್ದ. ಪಲ್ಯ ರುಚಿಯಾಗಿದ್ದರೆ "ಪಲ್ಯ ರೈಟ್ ಆಗೇತ್ರಿ ತಂಗೀ" ಅನ್ನುತ್ತಿದ್ದ. ಜ್ವರದಿಂದ ಎದ್ದವರನ್ನು "ಮೈ ರೈಟ್ ಆತೇನ್ರಿ" ಎಂದು ಕೇಳುತ್ತಿದ್ದ. ಅಣ್ಣ ತಮ್ಮಂದಿರು ಬದುವಿನ ಜಗಳ ಬಿಟ್ಟು ರಾಜಿಯಾದರೆ ಅವರದು ರೈಟ್ ಆದ ಹಾಗೆ. ಮಾತು ಅಡ್ಡಾದಿಡ್ಡಿಯಾದವನನ್ನು ಕಂಡರೆ "ಅಂವ ರೈಟ್ ಇಲ್ಲ" ಎಂದು ಕಣ್ಣು ಮಿಟುಕಿಸುತ್ತಿದ್ದ. ಯಾರಾದರೂ ತೀರಿಕೊಂಡರೆ ದನಿ ತಗ್ಗಿಸಿ, "ಮುಂಜಾನೆ ಮುದುಕಪ್ಪಗ ರೈಟ್ ಅಂದ್ರಂತ, ಮ್ಯಾಲಿನವರು" ಅನ್ನುತ್ತಿದ್ದ. ನಗಬಾರದ ಹೊತ್ತಿನಲ್ಲೂ ನನಗೆ ನಗು ಬರುತ್ತಿತ್ತು. ನನಗೆ ಆಗ ಹದಿನೇಳು ವರ್ಷ, ಯಾವುದಕ್ಕಾದರೂ ನಗು ಬರುತ್ತಿತ್ತು.

ನಮ್ಮ ಬಸ್ಸಿಗೆ ಆಗಾಗ ಒಬ್ಬ ಮಾಸ್ತರರು ಬರುತ್ತಿದ್ದರು. ಉರ್ದು ಸಾಲೆಯಲ್ಲಿ ಕಲಿಸುವವರು, ಇಂಗ್ಲಿಷು ಬಲ್ಲವರು, ಅದು ಗೊತ್ತಾಗಲಿ ಎನ್ನುವ ಆಸೆಯೂ ಇದ್ದವರು. ಒಂದು ಸಲ ನಾನು ತವರಿಗೆ ಹೋಗುವಾಗ ಅವರು ಕಂಡಕ್ಟರಣ್ಣನನ್ನು ಎಲ್ಲರೆದುರು ಹಿಡಿದುಕೊಂಡರು.

"ರೈಟ್ ರೈಟ್ ಅಂತೀಯಲ್ಲ, ಅದರ ಅರ್ಥ ಗೊತ್ತೈತೇನು ನಿನಗ? ಬಲಗಡೆ ಅಂತ ಒಂದು ಅರ್ಥ. ಖರೇ ಅಂತ ಒಂದು. ಸೀದಾ ಅಂತ ಒಂದು. ಹಕ್ಕು ಅನ್ನೋದಕ್ಕೂ ಅದ ಮಾತು. ನೀ ಹೇಳೋ 'ನಡಿ' ಅನ್ನೋದು ಯಾವ ಕಿತಾಬಿನ್ಯಾಗೂ ಇಲ್ಲ."

"ಕಿತಾಬು ಬರದವರು ನಮ್ಮ ಬಸ್ಸು ಹತ್ತಿಲ್ರಿ ಮಾಸ್ತರ" ಅಂದ ಕಂಡಕ್ಟರಣ್ಣ. ಬಸ್ಸೆಲ್ಲ ನಕ್ಕಿತು. ಮಾಸ್ತರರೂ ನಕ್ಕರು.

ಆದರೆ ಸ್ವಲ್ಪ ಹೊತ್ತಾದ ಮೇಲೆ ಅವನು ಟಿಕೆಟಿನ ಚೀಲ ಹಿಡಿದುಕೊಂಡು ಮತ್ತೆ ಮಾಸ್ತರರ ಹತ್ತಿರ ಬಂದು ನಿಂತ. ಮುಖದಲ್ಲಿ ಚೇಷ್ಟೆ ಇರಲಿಲ್ಲ.

"ಖರೇ ಅನ್ನೋದಕ್ಕ ಅದ ಮಾತು ಅಂದ್ರಲ್ಲ, ಹೌದೇನ್ರಿ?"

"ಹೌದು."

"ಹಂಗಾರ ನೋಡದ ಹೇಳಬಾರದು ಅದನ್ನ" ಅಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಮಾಸ್ತರರು ಆಗಲೇ ಕಿಟಕಿಗೆ ತಲೆ ಒರಗಿಸಿದ್ದರು.

ಅಲ್ಲಿಂದ ಮುಂದೆ ಅವನು ಒಂದು ರೈಟ್ ಬಿಟ್ಟು ಮೂರು ಹೇಳತೊಡಗಿದ. ಮೊದಲು ಬಾಗಿಲು ಹಾಕಿ, ಚಿಲಕ ಅಲುಗಿಸಿ ನೋಡಿ, "ಬಾಗಲಾ ರೈಟ್". ಆಮೇಲೆ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿ ಹಗ್ಗ ಜಗ್ಗಿ, "ಟಪ್ ರೈಟ್". ಕೊನೆಗೆ ಹಿಂದಕ್ಕೆ ಹೋಗಿ, ಡ್ರಮ್ಮಿನ ಬಾಯಿ ಮುಚ್ಚಿದೆಯೋ, ಹತ್ತಿರ ಯಾರಾದರೂ ಇದ್ದಾರೋ ಕಣ್ಣಾರೆ ನೋಡಿ, "ಬೆಂಕಿ ರೈಟ್". ಆ ಮೂರನೆಯದು ಕೇಳಿದ ಮೇಲೆಯೇ ನಮ್ಮವರು ಬ್ರೇಕು ಬಿಡಬೇಕು. ನಮ್ಮವರಿಗೆ ಇದೊಂದು ತಮಾಷೆ. "ಏನೋ ಪೂಜಾರಿ, ಮಂತ್ರ ಮುಗೀತೇನೋ?" ಎಂದು ಕೂಗುತ್ತಿದ್ದರು. ಪ್ರಯಾಣಿಕರಿಗೂ ಅಭ್ಯಾಸವಾಗಿ ಅವರೂ ಅವನ ಜೊತೆ ಎಣಿಸುತ್ತಿದ್ದರು. ಅವನು ಮಾತ್ರ ಯಾರ ಗಡಿಬಿಡಿಗೂ ಒಂದನ್ನು ಬಿಟ್ಟವನಲ್ಲ.

ಮೂರನೆಯದಕ್ಕೆ ಒಂದು ಕಾರಣವಿತ್ತು. ಯಲಬುರ್ಗಾ ದಾಟಿದ ಮೇಲೆ ಒಂದು ಏರು ಬರುತ್ತಿತ್ತು, ಏರಿನ ನಡುವೆ ಒಂದು ಬಾವಿ. ಇಂಜಿನಿಗೆ ನೀರು ಬೇಕು, ಡ್ರಮ್ಮಿಗೆ ಹೊಸ ಇದ್ದಿಲು ಬೇಕು, ಹಾಗಾಗಿ ಬಸ್ಸು ಅಲ್ಲಿ ನಿಲ್ಲಲೇಬೇಕು. ಕಂಡಕ್ಟರಣ್ಣ ಡ್ರಮ್ಮಿನ ಕೆಳಗಿನ ಬಾಯಿ ತೆಗೆದು ಒಳಗಿದ್ದುದನ್ನೆಲ್ಲ ಬಾವಿಯ ಕಟ್ಟೆಯ ಬುಡಕ್ಕೆ ಗೋರುತ್ತಿದ್ದ. ಬೂದಿಯ ಜೊತೆ ಅರೆಸುಟ್ಟ ಇದ್ದಿಲು ಬೀಳುತ್ತಿತ್ತು. ಅದಕ್ಕಾಗಿ ಹತ್ತಿರದ ಹಳ್ಳಿಯಿಂದ ಐದಾರು ಹೆಂಗಸರು ಒಡಕು ಗಡಿಗೆ ಹಿಡಿದುಕೊಂಡು ಬಂದು ಕಾಯುತ್ತಿದ್ದರು. ಆ ಬಯಲಲ್ಲಿ ಉರುವಲು ಎಲ್ಲಿಂದ ಬರಬೇಕು? ಕಟ್ಟಿಗೆಗೂ ಬರಗಾಲವಿದ್ದ ಕಾಲ. ಕಂಡಕ್ಟರಣ್ಣ ಕೆಂಪಗಿದ್ದ ಕೆಂಡದ ಮೇಲೆ ನೀರು ಚಿಮುಕಿಸಿ, "ನಿಧಾನ ಆರಿಸ್ಕೋರ್ರಿ ದೊಡ್ಡವ್ವ, ಕೈ ಸುಟ್ಟೀತು" ಅನ್ನುತ್ತಿದ್ದ. ಅವರು ಆರಿಸಿಕೊಂಡು ಎದ್ದು, ಕಟ್ಟೆ ದಾಟಿ ಬೇವಿನ ಗಿಡದ ಆಚೆ ಹೋಗುವತನಕ ಕಾಯುತ್ತಿದ್ದ. ಆಮೇಲೆ ಬೆಂಕಿ ರೈಟ್. ಯಾಕೆಂದರೆ ಆ ಏರಿನಲ್ಲಿ ಬ್ರೇಕು ಬಿಟ್ಟ ಕೂಡಲೇ ಬಸ್ಸು ಮೊದಲು ಮೊಳವೋ ಎರಡು ಮೊಳವೋ ಹಿಂದಕ್ಕೆ ಸರಿದು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಅದು ನಮ್ಮವರಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆ ಬಸ್ಸಿನಲ್ಲಿ ನಾಲ್ಕು ಸಲ ಓಡಾಡಿದ ನನಗೂ ಗೊತ್ತಿತ್ತು.

ಚೊಚ್ಚಲ ಹೆರಿಗೆಗೆ ನಾನು ಏಳನೆಯ ತಿಂಗಳಲ್ಲೇ ತವರಿಗೆ ಹೋಗಬೇಕಿತ್ತು. ತವರು ಹನುಮಸಾಗರದ ಕಡೆ. ಬಸ್ಸು ಕೆಟ್ಟಿತು, ಇದ್ದಿಲು ಸಿಗಲಿಲ್ಲ, ಅತ್ತೆಗೆ ಮೈಯಲ್ಲಿ ಹುಷಾರಿರಲಿಲ್ಲ... ಹಾಗೆ ಹೀಗೆ ಎಂದು ಎಂಟು ತುಂಬಿ ಹೋಯಿತು. ಕೊನೆಗೆ ಹೊರಟೆವು. ಕುಷ್ಟಗಿಗೆ ಅಪ್ಪ ಎತ್ತಿನ ಕೊಲ್ಲಾರಿ ಬಂಡಿ ತಂದು ಕಾಯುವುದೆಂದು ಮಾತಾಗಿತ್ತು. ನನ್ನನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ದಿಂಬು ಹಾಕಿ ಕೂರಿಸಿದ್ದರು. ಬಿಸಿಲು, ಹೊಗೆ, ಕುಲುಕಾಟ. ಯಲಬುರ್ಗಾ ಬರುವ ಹೊತ್ತಿಗೆ ಟೊಂಕದಲ್ಲಿ ನೋವು ಎದ್ದಿತು. ಸ್ವಲ್ಪ ಹೊತ್ತಿಗೆ ಅದು ಹೊಟ್ಟೆಯ ಕೆಳಕ್ಕೆ ಇಳಿಯಿತು. ಬಸ್ಸಿನಲ್ಲಿ ಬೇರೆ ಹೆಂಗಸರು ಇರಲಿಲ್ಲ. ಗಂಡಸರ ಎದುರು ಹೇಗೆ ಹೇಳುವುದೆಂದು ಸೆರಗು ಕಚ್ಚಿಕೊಂಡು ಕೂತೆ.

ಬಾವಿಯ ಹತ್ತಿರ ಬಸ್ಸು ನಿಂತಿತು. ನೀರು ಹಾಕಿದರು, ಬೂದಿ ಗೋರಿದರು, ತಿದಿ ತಿರುವಿದರು. ಗಂಡಸರೆಲ್ಲ ಏರಿನ ಮೇಲಕ್ಕೆ ನಡೆದುಕೊಂಡು ಹೋಗಿದ್ದರು, ಅಲ್ಲಿ ಹತ್ತುವವರು. ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ. ನಮ್ಮವರು ಬಂದು ಕೂತ ಕೂಡಲೇ ಅವರ ತೋಳು ಹಿಡಿದುಕೊಂಡೆ.

"ಲಗೂ ನಡೀರಿ. ನನಗ ತಡಿಯಾಕ ಆಗವಲ್ದು" ಅಂದೆ.

ಅವರ ಮುಖ ಬೆಳ್ಳಗಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲಗೂನ ಮುಗಿಸೋ" ಎಂದು ಕೂಗಿದರು.

"ಬಾಗಲಾ ರೈಟ್" ಎಂದು ಕೇಳಿಸಿತು. ಚಿಲಕದ ಸಪ್ಪಳವೂ ಕೇಳಿಸಿತು.

ನಾನು ಮತ್ತೆ ಅವರ ತೋಳು ಹಿಂಡಿದೆ.

"ಟಪ್ ರೈಟ್."

ಕಂಡಕ್ಟರಣ್ಣ ಏಣಿಯಿಂದ ಇಳಿಯುತ್ತಿದ್ದದ್ದು ಪಕ್ಕದ ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಅವನ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಮೆಟ್ಟಿಲ ಮೇಲೆ. ನಮ್ಮವರು ನನ್ನ ಮುಖ ನೋಡಿದರು. ಬ್ರೇಕು ಬಿಟ್ಟರು.

ಬಸ್ಸು ಹಿಂದಕ್ಕೆ ಸರಿಯಿತು. ಎಂದಿನಂತೆ, ಮೊಳವೋ ಎರಡು ಮೊಳವೋ. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಆಮೇಲೆ ಅವನ ದನಿಯಲ್ಲಿ ಹೋಲ್ಡಾನ್ ಕೇಳಿಸಿತು, ಮೇಲಿಂದ ಮೇಲೆ, ನಮ್ಮವರು ಬ್ರೇಕು ಒತ್ತಿ ಹಿಡಿದು ಇಂಜಿನು ನಿಂತ ಮೇಲೂ ಕೇಳಿಸುತ್ತಲೇ ಇತ್ತು.

ಇದ್ದಿಲು ಆರಿಸಲು ಬಂದ ಹೆಂಗಸರಲ್ಲಿ ಉಳಿದವರು ಎದ್ದು ಹೋಗಿದ್ದರಂತೆ. ಒಬ್ಬಳು ಹಿಂದೆ ಉಳಿದಿದ್ದಳು. ಕಟ್ಟೆಗೂ ಡ್ರಮ್ಮಿಗೂ ನಡುವೆ ಕುಕ್ಕರುಗಾಲಲ್ಲಿ ಕೂತು ಕೊನೆಯ ನಾಲ್ಕು ಚೂರು ಆರಿಸುತ್ತಿದ್ದಳು. ನಾನು ಇಳಿದು ನೋಡಬಾರದಿತ್ತು, ನೋಡಿದೆ. ಬಸಿರಿ ನೋಡಬಾರದೆಂದು ತಿರುಗಿ ಓಡಿಬಂದ ಹೆಂಗಸರಲ್ಲಿ ಯಾರೋ ನನ್ನ ಕಣ್ಣ ಮೇಲೆ ಕೈ ಇಟ್ಟರು, ಅಷ್ಟರಲ್ಲಿ ನೋಡಿಯಾಗಿತ್ತು. ನನ್ನ ತಾಯಿಯ ವಯಸ್ಸಿನವಳು. ಉಡಿಯಲ್ಲಿದ್ದ ಇದ್ದಿಲು ಚೆಲ್ಲಿತ್ತು. ಅದರ ಮೇಲೆ ಚಿಮುಕಿಸಿದ್ದ ನೀರು ಇನ್ನೂ ಆರಿರಲಿಲ್ಲ, ಆ ವಾಸನೆ ಅಲ್ಲೆಲ್ಲ ತುಂಬಿಕೊಂಡಿತ್ತು...

ನನ್ನ ನೋವು ನಿಂತುಹೋಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೇವಿನ ಗಿಡದ ಕೆಳಗೆ ಕೂತ ಸ್ವಲ್ಪ ಹೊತ್ತಿಗೆ ಪೂರ್ತಿ ನಿಂತಿತು. ಅದು ಹೆರಿಗೆ ನೋವೇ ಅಲ್ಲ, ಸುಳ್ಳು ನೋವು. ನನ್ನ ಮಗ ಹುಟ್ಟಿದ್ದು ಅದಾಗಿ ಮೂರು ವಾರಕ್ಕೆ, ತವರಿನಲ್ಲಿ, ಸುಖವಾಗಿ. ಗಡಿಬಿಡಿ ಮಾಡಬೇಕಾಗಿಯೇ ಇರಲಿಲ್ಲ.

ಮಾಲಕರ ಮನೆ ಯಲಬುರ್ಗಾದಲ್ಲಿತ್ತು. ಅಮೀನ ಸಾಹೇಬರು, ಅಂದರೆ ಪೋಲೀಸಿನವರು, ಬರುವ ಮೊದಲೇ ಅವರು ಬಂದು ಮುಟ್ಟಿದರು. ನಾನು ಕೂತ ಗಿಡದ ಇನ್ನೊಂದು ಮಗ್ಗುಲಿಗೆ ಕಂಡಕ್ಟರಣ್ಣನನ್ನೂ ನಮ್ಮವರನ್ನೂ ನಿಲ್ಲಿಸಿಕೊಂಡು ಮಾತಾಡಿದರು. ಒಳ್ಳೆಯ ಮನುಷ್ಯರು ಎಂದು ಊರಲ್ಲಿ ಹೆಸರಿತ್ತು, ದನಿಯೂ ಹಾಗೇ ಮೆತ್ತಗೆ.

"ಡ್ರೈವರ್ ಒಳಗ ಹ್ವಾದ್ರ ಲೈಸನ್ಸ್ ಹೋಕ್ಕೈತಿ. ಇಂಥಾ ಕಾಲದಾಗ ಇನ್ನೊಬ್ಬ ಡ್ರೈವರ್ ಎಲ್ಲಿ ತರೂದು? ಬಸ್ಸು ನಿಂತ್ರ ಇಬ್ರ ಮನೀನೂ ನಿಂತಂಗ. ನಿನಗ ಹೋಗಾಕ ಯಾವ ಲೈಸನ್ಸ್ ಐತಿ? ಮೂರೂ ರೈಟ್ ಕೊಟ್ಟಿದ್ದೆ, ಹಿಂದ ನೋಡಿರಲಿಲ್ಲ ಅನ್ನು. ಎರಡು ದಿನದಾಗ ನಾ ಬಿಡಿಸ್ಕೊಂಡು ಬರ್ತೀನಿ."

ಕಂಡಕ್ಟರಣ್ಣ ನಮ್ಮವರನ್ನು ನೋಡಿದ. ನಮ್ಮವರು ನೆಲ ನೋಡುತ್ತಿದ್ದರು. ಅವರು ಒಂದು ಮಾತು ಆಡುತ್ತಾರೆಂದು ನಾನೂ ಕಾದೆ. ಕೆಟ್ಟ ಗಂಡಸಲ್ಲ ಅವರು, ನನ್ನ ಮೇಲೆ ಯಾವತ್ತೂ ಕೈ ಎತ್ತಿದವರಲ್ಲ. ಆದರೆ ಆ ಹೊತ್ತು ಕಾಲಿನಿಂದ ಬೇವಿನ ಕಡ್ಡಿಯೊಂದನ್ನು ಆಚೆ ಸರಿಸಿದರು, ಅಷ್ಟೆ. ಕಂಡಕ್ಟರಣ್ಣ ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದ, ಬಂದು ಸ್ವಲ್ಪ ದೂರದಲ್ಲಿ ಕೂತ.

"ತಂಗೀ, ಅಮೀನ ಸಾಹೇಬರು ಕೇಳಿದ್ರ ಮೂರು ಅನ್ರಿ. ಕೂಸು ಬಂದಾಗ ಅಪ್ಪ ಮನ್ಯಾಗಿರಬೇಕು. ಎರಡು ದಿನದ ಮಾತು."

ಅವನು ಅದನ್ನು ನಿಜವಾಗಿ ನಂಬಿದ್ದ. ಮಾಲಕರು ಹೇಳಿದ್ದು ನಡೆಯದೇ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂದು ಬರೆಯುವ ಆಸೆ ಆಗುತ್ತದೆ, ಆದರೆ ನನಗೆ ಅನುಮಾನ ಇತ್ತು.

ಅಮೀನ ಸಾಹೇಬರು ಬಂದು ಅಳತೆ ಮಾಡಿದರು, ಕೇಳಿದರು, ಜೊತೆಗಿದ್ದ ಕಾರಕೂನ ಉರ್ದುವಿನಲ್ಲಿ ಬರೆದುಕೊಂಡ. ಒಳಗೆ ಇದ್ದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೂ ಕೇಳಿದರು. ರೈಟ್ ಎಷ್ಟು ಸಲ ಅಂದ?

"ಮೂರು" ಅಂದೆ.

"ಖರೇನಾ?"

"ಖರೇರಿ."

ನನಗೆ ಓದಲು ಬಾರದ ಆ ಬರವಣಿಗೆಯ ಕೆಳಗೆ ನನ್ನ ಕನ್ನಡದ ಸಹಿ ಮಾಡಿದೆ. ನಾಲ್ಕನೆಯ ಇಯತ್ತೆ ಓದಿದ್ದೆನಲ್ಲ, ಹೆಬ್ಬೆಟ್ಟು ಒತ್ತುವುದು ಬೇಡ, ಸಹಿ ಬರುತ್ತದೆ ಎಂದು ನಾನೇ ಹೇಳಿದೆ. ಆ ಹೊತ್ತಿನಲ್ಲೂ ಆ ಜಂಬ ಇತ್ತು ನನಗೆ.

ಎರಡು ದಿನ ಎಂಬುದು ಎರಡು ತಿಂಗಳಾಯಿತು. ಕೊಪ್ಪಳದ ಕಚೇರಿಯಲ್ಲಿ ಅವನನ್ನು ನಿಲ್ಲಿಸಿದರು. ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹೋಗಿ ಮತ್ತೆ ಮೂರು ಎಂದು ಹೇಳಿ ಬಂದೆ. ಅವನನ್ನು ರಾಯಚೂರಿನ ಜೇಲಿಗೆ ಕಳಿಸಿದರು. ಮಾಲಕರು ಆಮೇಲೆ ಆ ವಿಷಯ ಎತ್ತಲಿಲ್ಲ, ಹೊಸ ಕಂಡಕ್ಟರನನ್ನು ತಂದರು. ಬಾವಿಯ ಹತ್ತಿರ ಬಸ್ಸು ಎಂದಿನಂತೆ ನಿಲ್ಲುತ್ತಿತ್ತು. ಹೆಂಗಸರು ಇದ್ದಿಲಿಗೆ ಈಗಲೂ ಬರುತ್ತಾರೇನು ಎಂದು ಒಂದು ಸಲ ನಮ್ಮವರನ್ನು ಕೇಳಿದೆ. "ಮರುದಿನಾನ ಬಂದಿದ್ರು. ಒಲಿ ಹೊತ್ತಬೇಕಲ್ಲ" ಅಂದರು. ಸತ್ತವಳ ಮಗಳು ಬರುತ್ತಿದ್ದಳಂತೆ, ಅದೇ ಗಡಿಗೆ ಹಿಡಿದುಕೊಂಡು.

ಮಗನಿಗೆ ವರ್ಷ ತುಂಬಿ, ಗೋಡೆ ಹಿಡಿದು ನಡೆಯತೊಡಗಿದ್ದ. ಒಂದು ಮಧ್ಯಾಹ್ನ ನಮ್ಮವರು ಊಟ ಮಾಡಿ ಒಳಗೆ ಮಲಗಿದ್ದರು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ ನೀರು ಕೇಳಿದರು. ತಲೆ ಎತ್ತಿದರೆ ಕಂಡ ಮುಖದ ಗುರುತು ಹತ್ತಲಿಲ್ಲ. ಹುಬ್ಬಿನ ಮೇಲೆ ಬೂದಿ ಇರಲಿಲ್ಲವಲ್ಲ. ಕೋಟೂ ಇರಲಿಲ್ಲ. ತಂಬಿಗೆ ಕೊಟ್ಟ ಮೇಲೆ ಅದನ್ನು ಹಣೆಗೆ ಮುಟ್ಟಿಸಿಕೊಂಡ, ಆಗ ತಿಳಿಯಿತು.

ಕಟ್ಟೆಯ ಮೇಲೆ ಕೂತ. ನೀರು ಕುಡಿದ. ಅವನ ತಾಯಿ ಆರು ತಿಂಗಳ ಹಿಂದೆ ತೀರಿಕೊಂಡಿದ್ದಳು. ನನಗೆ ಗೊತ್ತಿತ್ತು. ಅವನಿಗೆ ಜೇಲಿನಲ್ಲಿ ಯಾರೋ ಹೇಳಿದ್ದರಂತೆ. ಮಗನ ಕಡೆ ನೋಡಿ, "ಕೂಸು ರೈಟ್ ಐತೇನ್ರಿ?" ಅಂದ. ಹೂಂ ಅಂದೆ. ಅವನು ಮಗನನ್ನು ಮುಟ್ಟಲಿಲ್ಲ.

ಖಾಲಿ ತಂಬಿಗೆಯನ್ನು ಕೈಯಲ್ಲೇ ತಿರುಗಿಸುತ್ತ ಕೂತ. ಕೆಲಸ ಕೇಳಲು ಬಂದಿರಬೇಕು, ಇಲ್ಲವೇ ಜಗಳ ತೆಗೆಯಲು ಬಂದಿರಬೇಕು ಎಂದುಕೊಂಡೆ. ಎರಡಕ್ಕೂ ಮನಸ್ಸಿನಲ್ಲಿ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವನು ಎರಡಕ್ಕೂ ಬಂದಿರಲಿಲ್ಲ.

"ತಂಗೀ, ನಿಮ್ಮನ್ನ ಒಂದು ಕೇಳಬೇಕಂತ ಬಂದೆ. ಆವತ್ತು ನಾ ಮೂರನೇದು ಅಂದಿನೇನ್ರಿ?"

ನನಗೆ ಏನು ಕೇಳುತ್ತಿದ್ದಾನೆಂದು ಮೊದಲು ತಿಳಿಯಲಿಲ್ಲ.

"ಅಮೀನರ ಮುಂದ ಅಂದೆ, ಕಚೇರ್ಯಾಗ ಅಂದೆ, ಜೇಲಿನ್ಯಾಗ ಯಾಕ ಬಂದಿ ಅಂದವರಿಗೆಲ್ಲಾ ಮೂರ್ ಅಂದಿದ್ದೆ ಅಂತ ಹೇಳಿದೆ. ಹೇಳಿ ಹೇಳಿ ಈಗ ಕಿವ್ಯಾಗ ಮೂರೂ ಕೇಳಸ್ತಾವ. ನಾ ಇಳದು ಹಿಂದ ಹೋದಂಗ, ಆಕಿ ಕುಂತಿದ್ದನ್ನ ನೋಡಿದಂಗ, ನೋಡೀನೂ ಬೆಂಕಿ ರೈಟ್ ಅಂದಂಗ. ಕಣ್ಣ ಮುಚ್ಚಿದ್ರ ಅದ ಕಾಣತೈತಿ. ಸುಳ್ಳು ಯಾವುದು ಖರೇ ಯಾವುದು ನನಗ ತಿಳೀದಂಗ ಆಗೇತಿ. ನೀವು ಮುಂದ ಕುಂತಿದ್ರಿ. ನೀವೊಬ್ರ ಹೇಳಬೇಕು."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಕೆಲಸವಲ್ಲ, ಕ್ಷಮೆಯಲ್ಲ, ಊರಿಗೆಲ್ಲ ಸಾರಬೇಕೆಂದೂ ಅಲ್ಲ. ಇಲ್ಲ ಅಣ್ಣಾ, ಎರಡೇ ಅಂದಿದ್ದಿ, ಆ ಸಾವು ನಿನ್ನದಲ್ಲ ಎಂದು ಒಂದು ಮಾತು, ಅವನೊಬ್ಬನ ಕಿವಿಗೆ.

ಒಳಗೆ ಹಾಸಿಗೆಯ ಸಪ್ಪಳವಾಯಿತು. ನಮ್ಮವರು ಎದ್ದಿದ್ದರು. ಎದ್ದವರು ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ಅವರು ನಿಂತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಮಗ ನನ್ನ ಬೆನ್ನು ಹಿಡಿದುಕೊಂಡು ನಿಂತಿದ್ದ. ನಿಜ ಹೇಳಿದರೆ ಕಂಡಕ್ಟರಣ್ಣ ಎದ್ದು ಸೀದಾ ಕಚೇರಿಗೆ ಹೋದರೆ? ಸಹಿ ಮಾಡಿದವಳು ನಾನು. ಬ್ರೇಕು ಬಿಟ್ಟವರು ಅವರು. ಬಿಡಿಸಿದವಳೂ ನಾನೇ... ಇದೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಬಂದು ಹೋಯಿತು. ಅವನು ಕಚೇರಿಗೆ ಹೋಗುವ ಜಾತಿಯವನಲ್ಲ ಎಂಬುದು ಮಾತ್ರ ಬರಲಿಲ್ಲ. ಅದು ಬಂದದ್ದು ಅವನು ಹೋದ ಮೇಲೆ.

"ಅಂದಿದ್ರಿ ಅಣ್ಣಾ" ಅಂದೆ. "ಮೂರೂ ಅಂದಿದ್ರಿ. ನಾ ಕೇಳೇನಿ."

ಅವನು ನನ್ನ ಮುಖವನ್ನೇ ನೋಡಿದ. ತಂಬಿಗೆಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ.

"ರೈಟ್" ಅಂದ.

ಎದ್ದು ಹೋದ. ಓಣಿ ತಿರುಗುವತನಕ ನೋಡಿದೆ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಮಾಸ್ತರರು ಅಂದು ಬಸ್ಸಿನಲ್ಲಿ ಎಣಿಸಿ ಹೇಳಿದ ಅರ್ಥಗಳಲ್ಲಿ ಯಾವುದೂ ಆ ರೈಟಿಗೆ ಹೊಂದುವುದಿಲ್ಲ. ನಾನೂ ಆಮೇಲೆ ಸಾಲೆ ಕಲಿತು, ಟ್ರೇನಿಂಗ್ ಮಾಡಿ, ವರ್ಷಾನುಗಟ್ಟಲೆ ಮಕ್ಕಳಿಗೆ ಕಲಿಸಿದೆ. ಯಾವ ಡಿಕ್ಷನರಿಯಲ್ಲೂ ಅದು ನನಗೆ ಸಿಗಲಿಲ್ಲ.

ನಮ್ಮವರು ಹೊರಗೆ ಬಂದು ಯಾರು ಬಂದಿದ್ದರು ಎಂದು ಕೇಳಿದರು. ನೀರು ಕೇಳಲು ಯಾರೋ ಬಂದಿದ್ದರು ಅಂದೆ. ಹೌದಾ ಅಂದರು. ತಂಬಿಗೆ ಎತ್ತಿ ಒಳಗೆ ಇಟ್ಟರು. ಆ ಮಾತು ನಮ್ಮಿಬ್ಬರ ನಡುವೆ ಅಲ್ಲಿಗೆ ಮುಗಿಯಿತು, ಅವರು ತೀರಿಕೊಳ್ಳುವತನಕ ಮತ್ತೆ ಬರಲಿಲ್ಲ. ಒಂದು ಮಾತ್ರ ನಿಜ. ಮುಂದೆ ಸರಕಾರದ ಬಸ್ಸು ಬಂದು, ಅವರು ಅಲ್ಲಿ ಡ್ರೈವರ್ ಆದ ಮೇಲೂ, ಮೂರು ರೈಟ್ ಕೇಳದೆ ಬ್ರೇಕು ಬಿಡುತ್ತಿರಲಿಲ್ಲ. ಹುಡುಗ ಕಂಡಕ್ಟರುಗಳು ಮುದುಕನಿಗೆ ಕಿವಿ ಮಂದ ಎಂದು ನಗುತ್ತಿದ್ದರಂತೆ. ಪಶ್ಚಾತ್ತಾಪ ಎಂದು ನೀವು ಅನ್ನಬಹುದು. ಇರಬಹುದು. ಆದರೆ ಯಾರಿಗೆ ಅದು ಬೇಕಾಗಿತ್ತೋ ಅವನಿಗೆ ಅದರಿಂದ ಏನು ಸಿಕ್ಕಿತು ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಅವರ ಮೇಲೆ ಅಲ್ಲ ಎಂದೂ ಗೊತ್ತಿತ್ತು.

ಕಂಡಕ್ಟರಣ್ಣ ಗಂಗಾವತಿಯ ಕಡೆ ಹೋಗಿ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುತ್ತಿದ್ದಾನೆಂದು ಯಾರೋ ಹೇಳಿದರು. ಮಾತು ಕಡಿಮೆಯಾಗಿದೆ, ಏನು ಕೇಳಿದರೂ ತಲೆ ಅಲ್ಲಾಡಿಸುತ್ತಾನೆ ಅಂದರು. ಎರಡು ಮಳೆಗಾಲ ಕಳೆಯುವುದರೊಳಗೆ ಜ್ವರದಲ್ಲಿ ಹೋದನಂತೆ. ಹುಲಿಗಿಯ ಹುಣ್ಣಿಮೆಗೆ ಹೋಗಿ ಬಂದವರೊಬ್ಬರು ನಮ್ಮ ಬಾಗಿಲಲ್ಲಿ ನಿಂತು ಆ ಸುದ್ದಿ ಹೇಳಿ, ಕುಂಕುಮ ಕೊಟ್ಟು ಹೋದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಆ ದಿನವೂ ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಹಾಕಿಬಿಟ್ಟೆ. ಸಂಜೆ ನಮ್ಮವರು ಆ ಎರಡು ರೊಟ್ಟಿಯನ್ನು ಹಾಗೇ ವಾಪಸು ತಂದರು.

ಮೊಮ್ಮಗಳು ಪೆನ್ಸಿಲ್ ಕಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. ಅವಳ ಒಂಬತ್ತು ವಾಕ್ಯ ಓದಿ ನೋಡಿದೆ. ಬಲಗೈ ಇತ್ತು, ಸರಿ ಉತ್ತರ ಇತ್ತು, ಹಕ್ಕು ಇತ್ತು. ಎಲ್ಲ ಚೊಕ್ಕಟವಾಗಿತ್ತು. ಹತ್ತನೆಯದು ಬರೆದುಕೋ ಎಂದು ಹೇಳಿ, ಆ ವಾಕ್ಯವನ್ನು ಇಂಗ್ಲಿಷಿನಲ್ಲೇ ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಆತ ಎರಡೇ ಸಲ ರೈಟ್ ಅಂದಿದ್ದ, ಮೂರನೆಯ ಸಲ ಅನ್ನಲಿಲ್ಲ. ಅಷ್ಟೇ. ಅವಳು ದುಂಡಗೆ ಬರೆದುಕೊಂಡು, ಇದರಲ್ಲಿ ರೈಟ್ ಅಂದರೆ ಯಾವ ಅರ್ಥ ಎಂದು ಕೇಳಿದಳು. ಹಾಗೇ ಇರಲಿ ಬಿಡು ಅಂದೆ. ಕಾಗದದ ಮೇಲೆ ಅದನ್ನು ಎರಡು ಸಲ ಓದಿದೆ. ಕೇಳಬೇಕಾದವನು ಹೋಗಿ ಅರವತ್ತು ವರ್ಷದ ಹತ್ತಿರ ಬಂತು.

ಮರುದಿನ ಸಂಜೆ ಅವಳು ಸಾಲೆಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಹೊರಗೆ ಇಸ್ತ್ರಿಯವನು ಆಗಲೇ ಕೆಂಡ ಸುರುವಿದ್ದ. ಚೀಲದಿಂದ ನೋಟುಬುಕ್ಕು ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. ಒಂಬತ್ತಕ್ಕೂ ಟೀಚರು ರೈಟ್ ಹಾಕಿದ್ದರು. ಹತ್ತನೆಯದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದಿದ್ದರು, ಇಂಥ ಅರ್ಥ ಇಲ್ಲ ಎಂದು ಪಕ್ಕದಲ್ಲಿ ಬರೆದಿದ್ದರು.

"ನೀ ಹೇಳಿದ್ದ ತಪ್ಪಾತು ನೋಡಜ್ಜಿ" ಅಂದಳು, ಕಣ್ಣಲ್ಲಿ ನೀರು ತಂದುಕೊಂಡು.

ಅವಳನ್ನು ಹತ್ತಿರ ಎಳೆದುಕೊಂಡೆ. ಕಿಟಕಿ ಮುಚ್ಚಲು ಹೋಗಲಿಲ್ಲ.

"ತಪ್ಪು ನಿಂದಲ್ಲ ಕೂಸ, ನಂದು" ಅಂದೆ.